ಮಲಯಾಳಿ ವಿದ್ಯಾರ್ಥಿಗಳಿಗೆ ‘ಹ್ಯಾವ್’ ಹೇಳಿಕೊಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮನೆಮಾತು ಕನ್ನಡ, ಇರೋದು ಮಂಜೇಶ್ವರದಲ್ಲಿ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೋಗಲು ಒಇಟಿ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಬರೆಯುವ ಹುಡುಗಿಯರಿಗೆ ಮನೆಯಲ್ಲೇ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೆಚ್ಚಿನವರು ಮಲಯಾಳಿಗಳು. ‘ಹ್ಯಾವ್’ ಬಂದರೆ ಸಾಕು, ಎಲ್ಲರೂ ಎಡವುತ್ತಾರೆ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಶಿ ಹ್ಯಾವ್ ಫೀವರ್’, ‘ಐ ಹ್ಯಾವ್ ಗಿವನ್ ಮೆಡಿಸಿನ್ ಯೆಸ್ಟರ್‌ಡೇ’, ಹೀಗೆಲ್ಲ. ಡಿಕ್ಷನರಿಯ ಅರ್ಥ ಹೇಳಿದರೆ ಗೊಂದಲ ಇನ್ನೂ ಜಾಸ್ತಿ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀಚರೇ, ಡಿಕ್ಷನರಿಯನ್ನು ಸದ್ಯಕ್ಕೆ ಮುಚ್ಚಿಡಿ, ಆ ಹುಡುಗಿಯರ ಬಾಯಲ್ಲಿರುವ ಮಲಯಾಳದಿಂದಲೇ ಶುರು ಮಾಡಿ. ‘ಹ್ಯಾವ್’‌ಗೆ ಸರಿಹೊಂದುವ ಒಂದೇ ಕ್ರಿಯಾಪದ ಮಲಯಾಳದ ಆಡುಮಾತಿನಲ್ಲೂ ಇಲ್ಲ, ನಮ್ಮ ಆಡುಮಾತಿನಲ್ಲೂ ಇಲ್ಲ. ನಾವು ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಅನ್ನುತ್ತೇವೆ. ಅವರು ‘ಎನಿಕ್ಕ್ ರಂಡ್ ಚೇಟ್ಟನ್ಮಾರುಂಡ್’ ಅನ್ನುತ್ತಾರೆ. ಆ ‘ಉಂಡ್’ ನಿಮ್ಮ ಕಡೆಯ ‘ಉಂಟು’ವೇ ಅಲ್ವಾ? ಬೆಂಗಳೂರಿನ ಮೇಷ್ಟ್ರಿಗಿಂತ ನಿಮಗೆ ಈ ಪಾಠ ಸುಲಭ.

ಮಲಯಾಳದಲ್ಲಿ ‘ಆಣ್’ ಮತ್ತು ‘ಉಂಡ್’ ಅಂತ ಎರಡಿವೆ. ‘ಅವಳ್ ನರ್ಸಾಣ್’ ಎಂಬುದನ್ನು ಅಲ್ಲಗಳೆದರೆ ‘ನರ್ಸಲ್ಲ’. ‘ರೋಗಿಕ್ಕ್ ಪನಿಯುಂಡ್’ (ರೋಗಿಗೆ ಜ್ವರ ಇದೆ) ಎಂಬುದಕ್ಕೆ ‘ಪನಿಯಿಲ್ಲ’. ನಮ್ಮ ಅಲ್ಲ, ಇಲ್ಲಗಳ ವ್ಯತ್ಯಾಸವೇ ಇದು. ಹುಡುಗಿಯರಿಗೆ ಇಷ್ಟು ಹೇಳಿ: ‘ಅಲ್ಲ’ ಬಂದರೆ ಇಂಗ್ಲಿಷಿನಲ್ಲಿ ‘ಈಸ್, ಆ್ಯಮ್, ಆರ್’. ‘ಇಲ್ಲ’ ಬಂದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು, ಯಾರಿಗೆ? ‘ಎನಿಕ್ಕ್’, ‘ಅವಳ್ಕ್ಕ್’, ‘ರೋಗಿಕ್ಕ್’ ಅಂತ ‘ಗೆ’ ಅರ್ಥದ ಮಾತು ವಾಕ್ಯದಲ್ಲಿದ್ದರೆ ‘ಹ್ಯಾವ್’. ಇಲ್ಲದಿದ್ದರೆ ಮತ್ತೆ ‘ಈಸ್’ ಕಡೆಗೇ. ‘ರೋಗಿ ವಾರ್ಡಿಲುಂಡ್’ ಅಂದರೆ ‘ದ ಪೇಷೆಂಟ್ ಈಸ್ ಇನ್ ದ ವಾರ್ಡ್’. ವಯಸ್ಸು ಮಾತ್ರ ಈ ಲೆಕ್ಕಕ್ಕೆ ಸಿಗೋದಿಲ್ಲ. ‘ರೋಗಿಕ್ಕ್ ಅರುಪತ್ ವಯಸ್ಸುಂಡ್’ ಅಂದರೂ ಇಂಗ್ಲಿಷಿನಲ್ಲಿ ‘ಈಸ್ ಸಿಕ್ಸ್ಟಿ’ ಎಂದೇ ಹೇಳಬೇಕು. ಅದನ್ನು ಬಾಯಿಪಾಠ ಮಾಡಿಸಿಬಿಡಿ.

ಇನ್ನು ‘ಆ್ಯಮ್ ಹ್ಯಾವಿಂಗ್’. ಮಲಯಾಳದಲ್ಲಿ ‘ವರುನ್ನುಂಡ್’ ಅಂದರೆ ಬರ್ತಾ ಇದ್ದಾನೆ, ಅಲ್ಲೂ ಬಾಲದಲ್ಲಿ ‘ಉಂಡ್’ ಕೂತಿದೆ. ಹಾಗಾಗಿ ‘ಉಂಡ್’ ಕೇಳಿದ ಕೂಡಲೇ ‘ಇಂಗ್’ ನುಗ್ಗಿದರೆ ಆಶ್ಚರ್ಯವಿಲ್ಲ, ಆದರೂ ಈ ತಪ್ಪು ಮಲಯಾಳಿಗಳ ಸ್ವತ್ತೇನೂ ಅಲ್ಲ, ನಮ್ಮವರೂ ದಿನಾ ಮಾಡುತ್ತಾರೆ. ಇರುವ ಅಣ್ಣಂದಿರು, ಇರುವ ಮನೆ, ಇರುವ ಡಿಗ್ರಿ, ಇವಕ್ಕೆ ‘ಹ್ಯಾವ್’ ಅಷ್ಟೇ ಸಾಕು. ‘ಐ ಆ್ಯಮ್ ಹ್ಯಾವಿಂಗ್ ಟ್ವಿನ್ಸ್’ ಅಂದರೆ ಹೊಟ್ಟೆಯಲ್ಲಿ ಅವಳಿ ಮಕ್ಕಳಿವೆ ಅಂತ ಅರ್ಥವಾಗುತ್ತದೆ, ನರ್ಸ್ ಆಗುವವಳಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಹಾಗಂತ ‘ಹ್ಯಾವಿಂಗ್’ ಅನ್ನೇ ನಿಷೇಧ ಮಾಡಬೇಡಿ. ‘ಆರ್ ಯು ಹ್ಯಾವಿಂಗ್ ಎನಿ ಪೇನ್?’ ಸರಿಯಾದ ಇಂಗ್ಲಿಷ್. ‘ಶಿ ಈಸ್ ಹ್ಯಾವಿಂಗ್ ಲಂಚ್’ ಕೂಡ ಸರಿ. ಈಗ ನಡೆಯುತ್ತಿರುವುದಕ್ಕೆ, ಅನುಭವಿಸುತ್ತಿರುವುದಕ್ಕೆ ಅದು ಬೇಕೇ ಬೇಕು.

‘ಶಿ ಹ್ಯಾವ್ ಫೀವರ್’ ಯಾಕೆ ಬರುತ್ತದೆ ಅನ್ನೋದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಯಾಕಂದರೆ ಇಲ್ಲಿ ಕನ್ನಡದ ಟೀಚರಿಗೆ ಮಕ್ಕಳ ಕಷ್ಟ ಕಣ್ಣಿಗೇ ಬೀಳೋದಿಲ್ಲ. ನಾವು ಹೋದೆ, ಹೋದ, ಹೋದಳು, ಹೋದರು ಅಂತ ಆಳಿಗೆ ತಕ್ಕ ಹಾಗೆ ಕ್ರಿಯಾಪದ ಬದಲಿಸುತ್ತೇವೆ. ಇಂದಿನ ಮಲಯಾಳದಲ್ಲಿ ಅದಿಲ್ಲ. ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ, ಅವರ್ ಪೋಯಿ. ಎಲ್ಲರಿಗೂ ಒಂದೇ ‘ಪೋಯಿ’. ‘ಶಿ’ ಬಂದಾಗ ‘ಹ್ಯಾಸ್’ ಆಗಬೇಕು ಅನ್ನೋದು ಅವರ ಮಾತೃಭಾಷೆ ಎಂದೂ ಕಲಿಸದ ಅಭ್ಯಾಸ. ‘ಅಷ್ಟೂ ಗೊತ್ತಾಗಲ್ವಾ’ ಅಂತ ದಯವಿಟ್ಟು ಗದರಬೇಡಿ. ನಿಯಮ ಅವರಿಗೆ ಗೊತ್ತಿರುತ್ತದೆ, ನಾಲಗೆಗೆ ಬಂದಿರೋದಿಲ್ಲ. ದಿನಾ ಒಂದೇ ರೋಗಿಯ ವಿವರವನ್ನು ಒಮ್ಮೆ ‘ಐ’ ಹಾಕಿ, ಒಮ್ಮೆ ‘ಶಿ’ ಹಾಕಿ ಜೋರಾಗಿ ಹೇಳಿಸಿ.

ಮೂರನೆಯ ತಪ್ಪಿಗೆ ಬರೋಣ. ಇಲ್ಲಿ ಮಲಯಾಳ ಅವರ ಕೈಹಿಡಿಯುತ್ತದೆ, ಆಮೇಲೆ ಬೀಳಿಸುತ್ತದೆ. ‘ಞಾನ್ ದಿಲ್ಲಿಯಿಲ್ ಪೋಯಿಟ್ಟುಂಡ್’ ಅಂದರೆ ‘ಐ ಹ್ಯಾವ್ ಬೀನ್ ಟು ಡೆಲ್ಲಿ’. ‘ಇಟ್ಟುಂಡ್’ ಬಂದರೆ ಹೆಚ್ಚಾಗಿ ‘ಹ್ಯಾವ್’ ಜೊತೆ ಕ್ರಿಯಾಪದದ ಮೂರನೆಯ ರೂಪ, ಅಷ್ಟು ಹೇಳಿದರೆ ತಕ್ಷಣ ಹಿಡಿಯುತ್ತಾರೆ. ಆದರೆ ಮಲಯಾಳದಲ್ಲಿ ‘ಇನ್ನಲೆ ಮರುನ್ನ್ ಕೊಡುತ್ತಿಟ್ಟುಂಡ್’ ಅನ್ನಬಹುದು, ಕನ್ನಡದಲ್ಲೂ ‘ನಿನ್ನೆ ಔಷಧಿ ಕೊಟ್ಟಿದ್ದೇನೆ’ ಅನ್ನುತ್ತೇವೆ. ಇಂಗ್ಲಿಷ್ ಇದನ್ನು ಒಪ್ಪೋದಿಲ್ಲ. ನಿನ್ನೆ, ಸೋಮವಾರ, ಬೆಳಗ್ಗೆ 8ಕ್ಕೆ ಅಂತ ಮುಗಿದುಹೋದ ಹೊತ್ತನ್ನು ಹೇಳಿದರೆ ‘ಐ ಗೇವ್’ ಅಂತಲೇ ಹೇಳಬೇಕು.

‘ಹ್ಯಾವ್ ಟು’ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ‘ಎನಿಕ್ಕ್ ಪೋಕಣಂ’ ಅಂದರೆ ‘ನನಗೆ ಹೋಗಬೇಕು’, ಅದು ಆಸೆ, ಸಾಮಾನ್ಯವಾಗಿ ‘ವಾಂಟ್ ಟು’. ‘ಞಾನ್ ಪೋಕಣಂ’ ಅಂದರೆ ‘ನಾನು ಹೋಗಬೇಕು’, ಅದು ‘ಹ್ಯಾವ್ ಟು’. ‘ಪೋಕೇಂಡಿ ವನ್ನು’ ಅಂದರೆ ಹೋಗಬೇಕಾಗಿ ಬಂತು, ‘ಹ್ಯಾಡ್ ಟು ಗೋ’. ಎರಡು ಭಾಷೆಯೂ ಎಷ್ಟು ಹತ್ತಿರ ನೋಡಿ!

ಅಭ್ಯಾಸಕ್ಕೆ ಬೇರೆ ಪುಸ್ತಕ ಹುಡುಕಬೇಡಿ. ಒಇಟಿಯ ಬರವಣಿಗೆ ಭಾಗದಲ್ಲಿ 45 ನಿಮಿಷದಲ್ಲಿ ಒಂದು ಪತ್ರ ಬರೆಯಬೇಕಲ್ಲ, ಸಾಮಾನ್ಯವಾಗಿ ರೋಗಿಯನ್ನು ಬೇರೆಯವರ ಆರೈಕೆಗೆ ಒಪ್ಪಿಸುವ ಪತ್ರ, ಅದೇ ಸಾಕು. ‘ಶಿ ಹ್ಯಾಸ್ ಡಯಾಬಿಟೀಸ್’, ‘ಶಿ ಹ್ಯಾಸ್ ಬೀನ್ ಟೇಕಿಂಗ್ ಇನ್ಸುಲಿನ್ ಸಿನ್ಸ್ 2019’, ‘ಶಿ ಹ್ಯಾಡ್ ಎ ಫಾಲ್ ಆನ್ ಮಂಡೇ’. ಒಂದೇ ರೋಗಿ, ಮೂರು ಬಗೆ. ಪ್ರತಿ ವಾಕ್ಯವನ್ನೂ ಮೊದಲು ಮಲಯಾಳದಲ್ಲಿ ಹೇಳಿಸಿ, ‘ಉಂಡ್’ ಎಲ್ಲಿದೆ, ‘ಇಟ್ಟುಂಡ್’ ಎಲ್ಲಿದೆ ಅಂತ ಅವರಿಂದಲೇ ಗುರುತು ಹಾಕಿಸಿ, ಆಮೇಲೆ ಇಂಗ್ಲಿಷಿಗೆ ಬನ್ನಿ.