ಹಡಗು ಸಂಜೆಗೆ ಹೊರಡುತ್ತದೆ, ಕಾಯೋದಿಲ್ಲ

ಪ್ರಶ್ನೆ: ಮಗ ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾನೆ. ಜನವರಿಯಲ್ಲಿ ನನ್ನನ್ನೂ ಮನೆಯವಳನ್ನೂ ಕ್ರೂಸ್ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ. ಪೆನಾಂಗ್‌ನಲ್ಲಿ ಒಂದು ದಿನ, ಫುಕೆಟ್‌ನಲ್ಲಿ ಒಂದು ದಿನ. ಬೆಳಿಗ್ಗೆ ಇಳಿದು, ಸುತ್ತಾಡಿ, ಸಂಜೆ ಮತ್ತೆ ಹಡಗು ಹತ್ತಬೇಕು. ಹಡಗಿನವರ ಟೂರ್ ದುಬಾರಿ, ನಾವೇ ಹೋಗೋಣ ಅಂತ ಮಗ ಉದ್ದನೆಯ ಪಟ್ಟಿ ಮಾಡಿಟ್ಟಿದ್ದಾನೆ. ನನಗೆ ಮಂಡಿನೋವು. ಬಿಸಿಲಿಗಂತೂ ಹೆದರಿಕೆ ಇಲ್ಲ. ಏನು ಮಾಡೋಣ?
– ಓದುಗರು, ಸಿರುಗುಪ್ಪ

ಉತ್ತರ: ಯಜಮಾನ್ರೇ, ಮೊದಲು ಬಿಸಿಲಿನ ಮಾತೇ ಆಡೋಣ, ನಮ್ಮ ಕಡೆಯವರು ಎಡವೋದೇ ಅಲ್ಲಿ. ಬಳ್ಳಾರಿಯಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ಹೇಳಿಕೊಂಡು ನಗುತ್ತೇವೆ. ಆದರೆ ನಮ್ಮದು ಒಣ ಬಿಸಿಲು. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ಅಲ್ಲಿ ಫೋನ್ ನೋಡಿದರೆ 32 ಡಿಗ್ರಿ ಅಂತ ಇರುತ್ತದೆ, ನೀವು ಇಷ್ಟೇನಾ ಅಂತೀರಿ. ಗಾಳಿಯಲ್ಲೇ ತೇವ ತುಂಬಿರೋದರಿಂದ ಬೆವರು ಆರೋದಿಲ್ಲ, ಸುಮ್ನೆ ಇಳಿಯುತ್ತಾ ಇರುತ್ತದೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ, ಕಾಲು ಸೋತ ಹಾಗೆ ಆಗೋದು ಇದರಿಂದಲೇ. ತೆಳು ಹತ್ತಿಬಟ್ಟೆ, ಓಆರ್‌ಎಸ್ ಪ್ಯಾಕೆಟ್, ಟೋಪಿ ಇರಲಿ. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ, ಕೆಲವು ಮಾತ್ರೆಗಳು ಮೈಯ ನೀರನ್ನು ಇನ್ನಷ್ಟು ಹೊರಗೆ ಹಾಕುತ್ತವೆ.

ಇನ್ನು ಮಗನ ಪಟ್ಟಿ. ಅದನ್ನು ನಾನು ನೋಡಿಲ್ಲ, ಆದರೂ ಅರ್ಧ ಹೊಡೆದುಹಾಕಿ ಅಂತ ಧೈರ್ಯವಾಗಿ ಹೇಳುತ್ತೇನೆ. ಹಡಗು 8ಕ್ಕೆ ಬಂದು 5ಕ್ಕೆ ಹೊರಡುತ್ತದೆ ಅಂದರೆ ನಿಮಗೆ 9 ಗಂಟೆ ಸಿಕ್ಕಿತು ಅಂತಲ್ಲ. ಹಡಗು ಕಟ್ಟಿದ ಮೇಲೆ ಅಲ್ಲಿನ ಅಧಿಕಾರಿಗಳು ಒಪ್ಪಿಗೆ ಕೊಡಬೇಕು, ಸಾವಿರಾರು ಜನ ಸಾಲಿನಲ್ಲಿ ಇಳಿಯಬೇಕು, ಸಂಜೆ ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಹತ್ತಿರಬೇಕು. ಕೈಯಲ್ಲಿ ಉಳಿಯೋದು ಐದಾರು ಗಂಟೆ, ಅದರಲ್ಲೇ ಊಟ, ಅದರಲ್ಲೇ ಟ್ರಾಫಿಕ್. ಗೋವಾದಿಂದ ಬೆಳಿಗ್ಗೆ ಬಂದು ವಿರೂಪಾಕ್ಷ, ವಿಠ್ಠಲ, ಅಂಜನಾದ್ರಿ ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇವೆ ಅಂತ ಓಡುವವರನ್ನು ನೀವು ನೋಡಿರುತ್ತೀರಿ. ಹಾಗೆ ಆಗಬಾರದು ಅಲ್ವಾ?

ಪೆನಾಂಗ್ ಸುಲಭ, ಅಲ್ಲಿ ನಿಮ್ಮ ಪಾಡಿಗೆ ನೀವು ಹೋಗಿ. ಸ್ವೆಟನ್‌ಹ್ಯಾಮ್ ಧಕ್ಕೆಯಲ್ಲಿ ಹಡಗು ದಡಕ್ಕೇ ಕಟ್ಟುತ್ತದೆ, ಇಳಿದರೆ ಎದುರಿಗೇ ಜಾರ್ಜ್‌ಟೌನ್. ಮಲಕ್ಕಾದ ಜೊತೆ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಇದು. ಬಂದರಿನ ಹತ್ತಿರವೇ ಒಂದು ಗಡಿಯಾರ ಗೋಪುರ ಇದೆ, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದ ನೆನಪಿಗೆ ಕಟ್ಟಿದ್ದು, ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ. ಸ್ವಲ್ಪ ಮುಂದೆ ಲಿಟಲ್ ಇಂಡಿಯಾ, ಅಲ್ಲಿ 1833ರ ಮಹಾಮಾರಿಯಮ್ಮನ ಗುಡಿ, ಬಾಳೆಎಲೆ ಊಟ, ಹೂವಿನ ಅಂಗಡಿ. ಎಲ್ಲಾ ತಮಿಳಿನವರದ್ದು, ಆದರೂ ಇಡ್ಲಿ ದೋಸೆ ಕೇಳೋಕೆ ಭಾಷೆ ಬೇಕಾ? ಮಂಡಿ ಸುಸ್ತಾದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಸಿ ವಾಪಸ್ ಬನ್ನಿ. 833 ಮೀಟರ್ ಎತ್ತರದ ಪೆನಾಂಗ್ ಬೆಟ್ಟಕ್ಕೆ ಹಳಿ ಮೇಲೆ ಹತ್ತುವ ರೈಲು ಇದೆ, ಮೇಲೆ ತಂಪು. ಕ್ಯೂ ಉದ್ದ ಇದ್ದರೆ ಮಾತ್ರ ಹಟ ಮಾಡಬೇಡಿ.

ಫುಕೆಟ್ ಬೇರೆ ಕಥೆ. ಹಡಗು ಪಟಾಂಗ್ ಕಡಲತೀರದ ಎದುರು ನಿಂತರೆ ದಡಕ್ಕೆ ಕಟ್ಟೋದಿಲ್ಲ, ನಡುನೀರಿನಲ್ಲೇ ಲಂಗರು. ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ದೋಣಿ ಅಲೆಗೆ ಏಳುತ್ತಾ ಇಳಿಯುತ್ತಾ ಇರುತ್ತದೆ, ಅದಕ್ಕೆ ಕಾಲಿಡುವ ಆ ಒಂದು ಹೆಜ್ಜೆಯೇ ಮಂಡಿನೋವಿನವರಿಗೆ ಕಷ್ಟ. ಸಿಬ್ಬಂದಿ ತೋಳು ಹಿಡಿದುಕೊಳ್ಳುತ್ತಾರೆ, ನಾಚಿಕೆ ಬೇಡ. ಕಡಲು ಜೋರಾಗಿದ್ದರೆ ಕ್ಯಾಪ್ಟನ್ ಆ ನಿಲುಗಡೆಯನ್ನೇ ರದ್ದು ಮಾಡಬಹುದು. ಹಾಗಾಗಿ ದುಡ್ಡು ವಾಪಸ್ ಬಾರದ ಬುಕಿಂಗ್ ಮೊದಲೇ ಮಾಡಿಸಬೇಡಿ. ಫಿಫಿ ದ್ವೀಪಕ್ಕೆ ಸ್ಪೀಡ್‌ಬೋಟ್ ಅಂತ ಮಗ ಬರೆದಿದ್ದರೆ ಅದನ್ನು ಮೊದಲು ಹೊಡೆದುಹಾಕಿ. ಅಲೆಯ ಮೇಲೆ ಅದು ಎತ್ತಿ ಕುಕ್ಕುವ ರಭಸಕ್ಕೆ ಸೊಂಟವೂ ಮಂಡಿಯ ಜೊತೆ ಸೇರಿಕೊಳ್ಳುತ್ತದೆ. ಹಳೇ ಫುಕೆಟ್ ಪೇಟೆ ಚೆಂದ, ಬಣ್ಣ ಬಣ್ಣದ ಹಳೇ ಅಂಗಡಿಮನೆಗಳು, ಆದರೆ ಪಟಾಂಗ್‌ನಿಂದ ಗುಡ್ಡ ದಾಟಿ ಹೋಗಬೇಕು, ರಸ್ತೆ ಯಾವಾಗ ಜಾಮ್ ಆಗುತ್ತದೋ ಹೇಳೋಕಾಗಲ್ಲ.

ಅದಕ್ಕೇ ಫುಕೆಟ್‌ನಲ್ಲಿ ಹಡಗಿನವರ ಟೂರನ್ನೇ ತಗೊಳ್ಳಿ. ದುಬಾರಿ ಹೌದು. ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಹೋಗಿ ತಡವಾದರೆ ಅದು ಹೊರಟುಬಿಡುತ್ತದೆ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ವಿಮಾನ ಹಿಡಿಯಬೇಕು. ಜಾಸ್ತಿ ಕೊಡುವ ದುಡ್ಡು ಆ ಭರವಸೆಗೆ.

ಗಡಿಯಾರದ ವಿಷಯ ಮನೆಯವರೆಲ್ಲ ಓದಿ. ಸಿಂಗಾಪುರ, ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ, ಥಾಯ್ಲೆಂಡ್ ಒಂದೂವರೆ ಗಂಟೆ ಮುಂದೆ. ಹಡಗು ಮಾತ್ರ ಎಷ್ಟೋ ಸಲ ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿರುತ್ತದೆ. ಫುಕೆಟ್‌ನಲ್ಲಿ ಇಳಿದ ತಕ್ಷಣ ಫೋನ್ ತಾನಾಗೇ ಒಂದು ಗಂಟೆ ಹಿಂದೆ ಹೋಗುತ್ತದೆ. ಹಡಗಿನ 4 ಗಂಟೆ ಅಂದರೆ ನಿಮ್ಮ ಫೋನಿನಲ್ಲಿ 3. ಫೋನ್ ನಂಬಿ ನಿಧಾನಕ್ಕೆ ಎಳನೀರು ಕುಡಿಯುತ್ತಾ ಕೂತರೆ ಮುಗಿಯಿತು. ಕೈಗೆ ಮುಳ್ಳಿನ ಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಇಡಿ, ಆಮೇಲೆ ಮುಟ್ಟಬೇಡಿ. ದಿನಾ ರೂಮಿಗೆ ಬರುವ ಹಾಳೆಯಲ್ಲೋ ಆ್ಯಪ್‌ನಲ್ಲೋ ಆ ಬಂದರಿನ ಏಜೆಂಟರ ನಂಬರ್ ಇರುತ್ತದೆ, ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಹಡಗಿನವರ ಹತ್ತಿರವೇ ಇದ್ದರೆ ಜೆರಾಕ್ಸ್ ಜೇಬಿನಲ್ಲಿರಲಿ. ಇನ್ನೊಂದು, ಸಿಂಗಾಪುರದಿಂದ ಹಡಗು ಹತ್ತಿದರೆ ದೇಶ ಬಿಟ್ಟ ಹಾಗೇ ಲೆಕ್ಕ, ವಾಪಸ್ ಬಂದು ಇಳಿಯೋದು ಎರಡನೇ ಪ್ರವೇಶ. ನಿಮ್ಮ ವೀಸಾ ಅದಕ್ಕೆ ನಡೆಯುತ್ತದಾ ಅಂತ ಮಗನಿಗೆ ಈಗಲೇ ನೋಡಲು ಹೇಳಿ.

ಪ್ರಶ್ನೆ: ನನ್ನ ತಮ್ಮ ಜೂನ್‌ನಲ್ಲಿ ಗೆಳೆಯರ ಜೊತೆ ಇದೇ ದಾರಿಯ ಹಡಗಿನಲ್ಲಿ ಹೋಗುತ್ತಿದ್ದಾನೆ. ಎಡದಂಡೆ ಕಾಲುವೆಯಲ್ಲಿ ಈಜಿ ಬೆಳೆದವನು, ಸಮುದ್ರ ಏನು ಮಹಾ ಅಂತಾನೆ. ನನಗೆ ಭಯ.
– ಓದುಗರು, ಸಿಂಧನೂರು

ಉತ್ತರ: ಭಯ ಸರಿಯಾಗೇ ಇದೆ ಅಕ್ಕಾ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಫುಕೆಟ್‌ನ ಪಶ್ಚಿಮ ದಡಕ್ಕೆ ಮಳೆಗಾಲದ ಅಲೆ ನೇರವಾಗಿ ಬಡಿಯುತ್ತದೆ. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಲೇಬಾರದು, ಮೊಣಕಾಲುದ್ದ ನೀರಿಗೂ. ಕಾಲುವೆ ನೀರು ಒಂದೇ ಕಡೆ ಹರಿಯುತ್ತದೆ, ಪಕ್ಕಕ್ಕೆ ನಾಲ್ಕು ಕೈ ಬೀಸಿದರೆ ದಂಡೆ. ಸಮುದ್ರದಲ್ಲಿ ದಡಕ್ಕೆ ಬಂದ ನೀರು ಕೆಲವು ಕಡೆ ಒಟ್ಟುಗೂಡಿ ಸೀದಾ ಒಳಕ್ಕೆ ಎಳೆಯುತ್ತದೆ. ಅದಕ್ಕೆ ಎದುರಾಗಿ ದಡದ ಕಡೆ ಈಜುವವರೇ ಸೋತು ಮುಳುಗೋದು. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಬೇಕು, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಇದನ್ನು ಅವನಿಗೆ ಬಾಯಿಪಾಠ ಮಾಡಿಸಿ. ಹವಳದ ಹತ್ತಿರ ಹೋಗುವುದಾದರೆ ಲೈಫ್ ಜಾಕೆಟ್ ಬಿಚ್ಚಬಾರದು. ಮತ್ತೆ ಹವಳಕ್ಕೆ ಕೇಡು ಮಾಡುವ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್‌ನಂಥವು ಇರುವ ಸನ್‌ಸ್ಕ್ರೀನನ್ನು ಥಾಯ್ಲೆಂಡ್ ತನ್ನ ಕಡಲ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದೆ. ಟ್ಯೂಬ್ ತಿರುಗಿಸಿ ಓದಿ ಕೊಳ್ಳಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯನ್ನೂ ತಿನ್ನೋದಿಲ್ಲ. ಥಾಯ್ಲೆಂಡ್‌ನಲ್ಲಿ ಇಳಿದ ದಿನ ಉಪವಾಸವೇನಾ? ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಬಹುದಾ?
– ಓದುಗರು, ಕೊಪ್ಪಳ

ಉತ್ತರ: ಉಪವಾಸ ಬೇಡ. ‘ವೆಜ್’ ಅಂದರೆ ಅಲ್ಲಿ ತರಕಾರಿ ಹಾಕಿ ಮೀನಿನ ಸಾಸ್ ಸುರಿದು ಕೊಡುತ್ತಾರೆ, ಅವರ ಪ್ರಕಾರ ಅದೂ ವೆಜ್ಜೇ. ‘ಜೇ’ ಅಂತ ಕೇಳಿ. ಮಾಂಸ, ಮೀನು, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ ಅದು, ಅಂಥ ಅಂಗಡಿಗಳಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ. ಫುಕೆಟ್‌ನಲ್ಲಿ ವರ್ಷಕ್ಕೊಮ್ಮೆ ಒಂಬತ್ತು ದಿನ ಇದರದ್ದೇ ದೊಡ್ಡ ಹಬ್ಬ. ರೊಟ್ಟಿ ವಿಷಯ: ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಬಿಡೋದು ಕಷ್ಟ, ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ತಕರಾರಿಲ್ಲ. ಶೇಂಗಾ ಚಟ್ನಿಪುಡಿಯೂ ಹಾಗೇ ಪ್ಯಾಕೆಟ್‌ನದ್ದೇ ಇರಲಿ. ಹಡಗಿನ ಬಫೆಯಿಂದ ಹಣ್ಣು ಕಟ್ಟಿಕೊಂಡು ದಡಕ್ಕೆ ಇಳಿಯಬೇಡಿ, ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಡುತ್ತಾರೆ.