ಶೇ. 99 ನಿಖರತೆ: ಯಾರ ಸ್ಲೈಡುಗಳ ಮೇಲೆ?

ಪ್ರಶ್ನೆ: ನನ್ನ ಅಕ್ಕನಿಗೆ ಈಚೆಗೆ ಸ್ತನದ ಬಯಾಪ್ಸಿ ಆಯಿತು. ಬಯಾಪ್ಸಿ ಚಿತ್ರಗಳನ್ನು ನೋಡಿ ಕಂಪ್ಯೂಟರ್ ಅಲ್ಗಾರಿದಂಗಳು ಶೇ. 99ರಷ್ಟು ನಿಖರವಾಗಿ ಕ್ಯಾನ್ಸರ್ ಗುರುತಿಸುತ್ತವೆ ಎಂದು ಓದಿದೆ. ಇದನ್ನು ಹೇಗೆ ಪರೀಕ್ಷಿಸುತ್ತಾರೆ? ನಂಬಬಹುದೇ?

ಉತ್ತರ: ಆ ಅಂಕಿ ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಅದು ಯಾರ ಸ್ಲೈಡುಗಳ (ಗಾಜಿನ ಮೇಲಿಟ್ಟ ಅಂಗಾಂಶದ ತೆಳು ಪದರಗಳ) ಮೇಲೆ ಬಂದದ್ದು ಎಂದು ತಿಳಿಯುವ ತನಕ ಅದಕ್ಕೆ ಬೆಲೆ ಕಟ್ಟಲಾಗದು.

ಬ್ರೆಜಿಲ್‌ನ ಸಂಶೋಧಕರು ಸಿದ್ಧಪಡಿಸಿದ ‘ಬ್ರೇಕ್‌ಹಿಸ್’ ಎಂಬ, ಸ್ತನದ ಅಂಗಾಂಶದ ಚಿತ್ರಗಳ ಪ್ರಸಿದ್ಧ ಸಂಗ್ರಹವನ್ನೇ ನೋಡಿ. ಅದರಲ್ಲಿ 7,909 ಚಿತ್ರಗಳಿದ್ದರೂ ಅವೆಲ್ಲ ಕೇವಲ 82 ರೋಗಿಗಳವು. ಚಿತ್ರಗಳನ್ನು ಸುಮ್ಮನೆ ಕಲಸಿ ಒಂದು ಪಾಲನ್ನು ತರಬೇತಿಗೆ, ಇನ್ನೊಂದನ್ನು ಪರೀಕ್ಷೆಗೆ ಎತ್ತಿಟ್ಟರೆ ಒಬ್ಬಳೇ ರೋಗಿಯ ಅಂಗಾಂಶ ಎರಡೂ ಕಡೆ ಸೇರುತ್ತದೆ. ಆಗ ಅಲ್ಗಾರಿದಂ ಕ್ಯಾನ್ಸರನ್ನಲ್ಲ, ಈಗಾಗಲೇ ನೋಡಿದ ಸ್ಲೈಡಿನ ಬಣ್ಣದ ಛಾಯೆಯನ್ನು ಗುರುತು ಹಿಡಿದು ಅಂಕ ಗಳಿಸಬಹುದು. ಆದ್ದರಿಂದ ಚಿತ್ರಗಳನ್ನಲ್ಲ, ರೋಗಿಗಳನ್ನೇ ಬೇರ್ಪಡಿಸಬೇಕು. ಇಷ್ಟು ಮಾಡದ ಪರೀಕ್ಷೆಯನ್ನು ನಾನು ಪರೀಕ್ಷೆಯೆಂದೇ ಎಣಿಸುವುದಿಲ್ಲ.

ಬಣ್ಣದ ಮಾತು ಸಣ್ಣದಲ್ಲ. ಅಂಗಾಂಶ ಕಣ್ಣಿಗೆ ಕಾಣಲೆಂದು ಹಾಕುವ ಎರಡು ಬಣ್ಣಗಳಲ್ಲಿ ಹೆಮಟಾಕ್ಸಿಲಿನ್ ಕೋಶಕೇಂದ್ರಗಳಿಗೆ ನೀಲಿ-ನೇರಳೆ ಬಣ್ಣ ಕೊಡುತ್ತದೆ, ಇಯೋಸಿನ್ ಸುತ್ತಲಿನದನ್ನು ಗುಲಾಬಿಯಾಗಿಸುತ್ತದೆ. ಅಂಗಾಂಶವನ್ನು ಕೊಯ್ದ ದಪ್ಪ, ಬಣ್ಣದಲ್ಲಿ ಅದ್ದಿಟ್ಟ ಹೊತ್ತು, ಸ್ಕ್ಯಾನರ್ ಇವು ಬದಲಾದಂತೆ ಒಂದು ಪ್ರಯೋಗಾಲಯದ ನೇರಳೆ ಇನ್ನೊಂದರಲ್ಲಿ ಕಡುನೀಲಿಯಾಗುತ್ತದೆ. ಪಳಗಿದ ಪೆಥಾಲಜಿಸ್ಟ್‌ನ (ಅಂಗಾಂಶ ನೋಡಿ ರೋಗ ಗುರುತಿಸುವ ವೈದ್ಯರ) ಕಣ್ಣು ಇದಕ್ಕೆ ಹೊಂದಿಕೊಳ್ಳುತ್ತದೆ. ಒಂದೇ ಕಡೆಯ ಸ್ಲೈಡುಗಳಿಂದ ಕಲಿತ ಅಲ್ಗಾರಿದಂ ಎಡವಬಹುದು. ಹಾಗಾಗಿ ತರಬೇತಿಯಲ್ಲಿ ಕಾಣದ ಆಸ್ಪತ್ರೆಗಳ ಸ್ಲೈಡುಗಳ ಮೇಲೂ ಅದನ್ನು ಒರೆಗೆ ಹಚ್ಚಬೇಕು.

ಮನುಷ್ಯರೊಡನೆ ಹೋಲಿಸುವಾಗಲೂ ಷರತ್ತುಗಳನ್ನು ಓದಬೇಕು. ಸ್ತನ ಕ್ಯಾನ್ಸರ್ ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡಿದೆಯೇ ಎಂದು ಪತ್ತೆಹಚ್ಚುವ, ನೆದರ್‌ಲೆಂಡ್ಸ್‌ನಲ್ಲಿ ಏರ್ಪಡಿಸಿದ್ದ ‘ಕ್ಯಾಮೆಲಿಯಾನ್16’ ಸ್ಪರ್ಧೆಯಲ್ಲಿ 129 ಸ್ಲೈಡುಗಳ ಮೇಲೆ ಅತ್ಯುತ್ತಮ ಅಲ್ಗಾರಿದಂ, 1ನ್ನು ಪರಿಪೂರ್ಣವೆಂದು ಎಣಿಸುವ ಅಳತೆಯಲ್ಲಿ, 0.994 ಪಡೆಯಿತು, 11 ಪೆಥಾಲಜಿಸ್ಟರ ಸರಾಸರಿ 0.810. ಆದರೆ ಆ ಹನ್ನೊಂದು ಮಂದಿಗೆ ಸಮಯದ ಮಿತಿಯಿತ್ತು. ಮಿತಿಯಿಲ್ಲದೆ ನೋಡಿದ ಒಬ್ಬ ಪೆಥಾಲಜಿಸ್ಟ್ 0.966 ಗಳಿಸಿದರು.

ಇನ್ನು, ಸರಿಯುತ್ತರ ಯಾವುದೆಂದು ಹೇಳುವವರು ಯಾರು? ಅಮೆರಿಕದಲ್ಲಿ 115 ಪೆಥಾಲಜಿಸ್ಟರ ತೀರ್ಪನ್ನು ಮೂವರು ತಜ್ಞರ ಒಮ್ಮತದೊಡನೆ ಹೋಲಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರಿನ ವಿಷಯದಲ್ಲಿ ಶೇ. 96ರಷ್ಟು ಸಹಮತವಿತ್ತು; ಕೋಶಗಳು ಅಸಹಜವಾಗಿದ್ದರೂ ಕ್ಯಾನ್ಸರ್ ಎನ್ನಲಾಗದ ‘ಅಟಿಪಿಯಾ’ದಲ್ಲಿ ಅದು ಶೇ. 48ಕ್ಕೆ ಇಳಿಯಿತು. ತಜ್ಞರೇ ಒಪ್ಪದ ಕಡೆ ಒಬ್ಬರ ಗುರುತನ್ನೇ ಸತ್ಯವೆಂದು ಕಲಿಸಿದರೆ ಅಲ್ಗಾರಿದಂ ಆ ಒಬ್ಬರ ಅಭಿಪ್ರಾಯವನ್ನಷ್ಟೇ ಕಲಿಯುತ್ತದೆ.

ನಿಮ್ಮ ಅಕ್ಕನ ವರದಿಯಲ್ಲಿ ಅಟಿಪಿಯಾ ಎಂಬ ಪದವಿದ್ದರೆ, ಕಂಪ್ಯೂಟರ್ ನೋಡಿರಲಿ ಬಿಡಲಿ, ಅದೇ ಸ್ಲೈಡನ್ನು ಸ್ತನರೋಗದಲ್ಲಿ ಪರಿಣತರಾದ ಮತ್ತೊಬ್ಬ ಪೆಥಾಲಜಿಸ್ಟ್‌ಗೆ ದಯವಿಟ್ಟು ತೋರಿಸಿ.