ಲೇಬರ್ ರೂಮಿನಲ್ಲಿ ಯಾರ ಮಾತು ನಡೆಯಬೇಕು?

ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು ಬರೆದಿದ್ದಾರೆ: ಹೆರಿಗೆಯಾದ ಹತ್ತು ನಿಮಿಷಕ್ಕೆ ಬಾಣಂತಿಗೆ ಜೋರು ಬ್ಲೀಡಿಂಗ್. ಡಾಕ್ಟರ್ ‘ಯಾರಾದ್ರೂ ಡ್ರಿಪ್ ಹಾಕ್ರೀ’ ಎಂದು ಕೂಗಿದರು. ಮೂವರು ಡ್ರಿಪ್ಪಿಗೆ ಓಡಿದರು. ಬ್ಲಡ್ ಬ್ಯಾಂಕಿಗೆ ಫೋನ್ ಮಾಡುವವರೇ ಇಲ್ಲ. ತಾಯಿ ಬದುಕಿದರು. ‘ಇಂಥ ಹೊತ್ತಲ್ಲಿ ಹುಕುಂ ಮಾಡುವವರು ಬೇಕಾ, ನಮ್ಮ ಮಾತು ಕೇಳುವವರು ಬೇಕಾ? ನಾವು ಹೇಳಿದರೆ ಬೈತಾರೆ.’

ಸಿಸ್ಟರ್, ಇಬ್ಬರೂ ಬೇಕು. ಆ ಇಬ್ಬರೂ ಒಬ್ಬರೇ ಆಗಿರಬೇಕು, ಅದೇ ಕಷ್ಟ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಹೆರಿಗೆಯಾದ ಮೇಲೆ ಅದು ಬಿಗಿಯಾಗದಿದ್ದರೆ ಚರ್ಚೆಗೆ ಹೊತ್ತೆಲ್ಲಿ? ಮೊದಲ ಕೆಲವು ನಿಮಿಷ ಹುಕುಮ್ಮೇ ಸರಿ. ಆದರೆ ‘ಯಾರಾದ್ರೂ’ ಅನ್ನುವುದು ಹುಕುಂ ಅಲ್ಲ, ಗಾಬರಿ.

ನಾನು ಡಾಕ್ಟರಲ್ಲ. ಒಮ್ಮೆ ಒಂದು ಆಸ್ಪತ್ರೆಯ ಅಣಕು ತರಬೇತಿಯನ್ನು ಮೂಲೆಯಲ್ಲಿ ನಿಂತು ನೋಡಿದ್ದೆ. ಬಾಣಂತಿಯ ಜಾಗದಲ್ಲಿ ಬೊಂಬೆ, ರಕ್ತದ ಬದಲು ಕುಂಕುಮದ ನೀರು. ಹಿರಿಯ ಡಾಕ್ಟರ್ ಮಂಚದ ಕಾಲ ಬಳಿ ಕೈಕಟ್ಟಿ ನಿಂತಿದ್ದರು. ಎಂಥ ಸೊಕ್ಕು ಅಂದುಕೊಂಡೆ! ಆಮೇಲೆ ಗೊತ್ತಾಯಿತು, ಕೈ ಖಾಲಿ ಇದ್ದದ್ದಕ್ಕೇ ಅವರಿಗೆ ಇಡೀ ಕೋಣೆ ಕಾಣುತ್ತಿತ್ತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಒಂದೊಂದೇ ಕೆಲಸ ಹೇಳಿದರು. ಒಬ್ಬಳು ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕಿದಳು. ಇನ್ನೊಬ್ಬಳು ‘ಆಕ್ಸಿಟೋಸಿನ್ 20 ಯೂನಿಟ್ ಡ್ರಿಪ್ಪಿಗೆ ಹಾಕಿದೆ, ಮೇಡಂ’ ಎಂದು ತಿರುಗಿ ಹೇಳಿದಳು; ಅದು ಗರ್ಭಕೋಶವನ್ನು ಬಿಗಿ ಮಾಡುವ ಔಷಧ. ಮತ್ತೊಬ್ಬಳು ಬೋರ್ಡಿನ ಮೇಲೆ ಟೈಮ್ ಬರೆದಳು. ಸ್ವಲ್ಪ ಹೊತ್ತಿಗೆ ಅದೇ ಮೇಡಂ ದನಿ ಇಳಿಸಿ ಕೇಳಿದರು: ‘ಇಷ್ಟಾಗಿದೆ. ನಾನು ಏನಾದ್ರೂ ಮರೆತೆನಾ?’

ಬಾಗಿಲ ಹತ್ತಿರದಿಂದ ಆಯಾ ಹೇಳಿದರು: ‘ಮಾಸು ಪೂರ್ತಿ ಬಂದಿದೆಯಾ ಅಂತ ಯಾರೂ ನೋಡಿಲ್ಲ.’

ಮಗುವಿನ ಭುಜ ಸಿಕ್ಕಿಕೊಂಡಾಗ ಇಷ್ಟು ಬಿಡುವೂ ಸಿಗುವುದಿಲ್ಲ ಬಿಡಿ. ಆಗ ಡಾಕ್ಟರ್ ಕೈಯೇ ಒಳಗಿರುತ್ತದೆ. ಗಡಿಯಾರ ನೋಡಿ ನಿಮಿಷ ಕೂಗುವವರು ಬೇರೆಯೇ ಇರಬೇಕು.

ಬೈಗುಳದ ವಿಷಯ. ಕೆನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಬಂತು. ಬಾಣಂತಿಯ ಕೆಳಗೆ ಅಳತೆಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಿ, ರಕ್ತ ಗೆರೆ ಮುಟ್ಟಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವೆಲ್ಲ ಸೇರಿ ಶೇ 60ರಷ್ಟು ಇಳಿದವು. ನನಗೆ ಇದರಲ್ಲಿ ಹಿಡಿಸಿದ್ದು ಆ ಗೆರೆ. ‘ಜಾಸ್ತಿ ಹೋಗ್ತಿದೆ ಅನ್ಸುತ್ತೆ’ ಎಂದರೆ ಬೈಯಬಹುದು. ‘500 ಎಂಎಲ್ ದಾಟಿತು, ಮೇಡಂ’ ಎಂದರೆ ಏನಂತ ಬೈತಾರೆ?

ನಾಳೆ ಡ್ಯೂಟಿ ಬದಲಾಗುವಾಗ ಎರಡು ನಿಮಿಷ ನಿಮ್ಮ ಡಾಕ್ಟರ್ ಜೊತೆ ನಿಲ್ಲಿ. ಬ್ಲೀಡಿಂಗ್ ಆದರೆ ಡ್ರಿಪ್ ಯಾರು, ಫೋನ್ ಯಾರು ಎಂದು ಈಗಲೇ ಮಾತಾಡಿಕೊಳ್ಳಿ. ಆಯಾರನ್ನೂ ಕರೆಯಿರಿ.

– ಸಂಪಾದಕ